ಒಂದು ಚಿಟಿಕೆ ಇಂಗು

ಇಂಗು ನಮ್ಮ ಮಣ್ಣಿನ ಬೆಳೆಯಲ್ಲ. ಅಫ್ಘಾನಿಸ್ತಾನದ ಕಡೆಯಿಂದ ಬಂದು ನಮ್ಮ ಒಗ್ಗರಣೆ ಸೌಟಿನಲ್ಲಿ ಕುಳಿತ ಪದಾರ್ಥ. ಆದರೂ 'ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ' ಎಂದು ಗಾದೆ ಕಟ್ಟುವಷ್ಟು ಅದು ನಮ್ಮದಾಗಿಬಿಟ್ಟಿದೆ. ಇಂಗ್ಲಿಷ್ ಭಾಷೆಯಲ್ಲೂ ಒಂದು ಇಂಗು ಇದೆ. ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುವ 'ಇಂಗ್'. ಅದು ಸೇರಿದರೆ ಈಟ್ ಎಂಬುದು ಈಟಿಂಗ್ ಆಗುತ್ತದೆ, ಕುಕ್ ಎಂಬುದು ಕುಕಿಂಗ್ ಆಗುತ್ತದೆ. ಇದೂ ಹೊರಗಿನಿಂದಲೇ ಬಂದದ್ದು. ಇದನ್ನೂ ನಾವು ಕೈತುಂಬ ಬಳಸುತ್ತೇವೆ. ಸಾರಿಗೂ ಇಂಗು, ಹುಳಿಗೂ ಇಂಗು. ಕೆಲವೊಮ್ಮೆ ಪಾಯಸಕ್ಕೂ ಇಂಗು!

ಪಾಯಸಕ್ಕೆ ಇಂಗು ಬೀಳುವುದು ಎಲ್ಲಿ ಎಂದು ಕೇಳುತ್ತೀರಾ? 'ಐ ಆಮ್ ಹ್ಯಾವಿಂಗ್ ಟೂ ಡಾಟರ್ಸ್.' 'ಐ ಆಮ್ ನೋಯಿಂಗ್ ಹರ್ ವೆರಿ ವೆಲ್.' 'ಸಾರಿ, ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್.' ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮಕ್ಕಳ ಶಾಲೆಯಲ್ಲಿ ಈ ಮಾತುಗಳನ್ನು ಕೇಳದವರು ಯಾರು? ಕೇಳಿದ ಕೂಡಲೇ ಪಕ್ಕದಲ್ಲಿರುವ ಒಬ್ಬರ ತುಟಿಯಂಚಿನಲ್ಲಿ ಸಣ್ಣದೊಂದು ನಗೆ ಮೂಡುವುದನ್ನು ನೋಡದವರು ಯಾರು?

ನಿಯಮ ಬಹಳ ದೊಡ್ಡದೇನಲ್ಲ. ದಿನವೂ ನಡೆಯುವುದು, ಎಂದಿಗೂ ನಿಜವಾಗಿರುವುದು ಸಿಂಪಲ್ ಪ್ರೆಸೆಂಟ್: 'ಐ ಕುಕ್.' ನಾನು ಅಡುಗೆ ಮಾಡುವವಳು. ಈ ಗಳಿಗೆಯಲ್ಲಿ ನಡೆಯುತ್ತಿರುವುದು, ಇನ್ನೂ ಮುಗಿಯದಿರುವುದು ಪ್ರೆಸೆಂಟ್ ಕಂಟಿನ್ಯುಅಸ್: 'ಐ ಆಮ್ ಕುಕಿಂಗ್.' ಒಲೆಯ ಮೇಲೆ ಪಾತ್ರೆ ಇದೆ, ಆಮೇಲೆ ಬನ್ನಿ. ಇನ್ನು ಕೆಲವು ಕ್ರಿಯಾಪದಗಳು ಕೆಲಸವನ್ನು ಹೇಳುವುದೇ ಇಲ್ಲ, ಸ್ಥಿತಿಯನ್ನು ಹೇಳುತ್ತವೆ. ತಿಳಿದಿರುವುದು, ಇಷ್ಟಪಡುವುದು, ಬೇಕೆನ್ನಿಸುವುದು, ನಂಬುವುದು, ನಮ್ಮ ಬಳಿ ಇರುವುದು. ಅವಕ್ಕೆ ಸಾಮಾನ್ಯವಾಗಿ ಇಂಗ್ ಸೇರುವುದಿಲ್ಲ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕದಲ್ಲಿ ಇವುಗಳ ಪಟ್ಟಿಯೇ ಇದೆ. ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಸರಿಯಾಗಿ ಬರೆದ ಹುಡುಗಿಯೇ ಹೊರಗೆ ಬಂದು 'ಮಿಸ್, ಐ ಆಮ್ ಹ್ಯಾವಿಂಗ್ ಎ ಡೌಟ್' ಎನ್ನುತ್ತಾಳೆ. ಏಕೆ ಹೀಗೆ?

ದಡ್ಡತನ ಎಂದು ಹೇಳಿಬಿಡುವುದು ಸುಲಭ. ಆದರೆ ಆ ಹುಡುಗಿಯ ತಲೆಯಲ್ಲಿ ಕನ್ನಡವಿದೆ. ಅದು ಖಾಲಿ ತಲೆಯಲ್ಲ. ನಮ್ಮ ಶಾಲಾ ವ್ಯಾಕರಣದಲ್ಲಿ ವರ್ತಮಾನ ಕಾಲದ ಪ್ರತ್ಯಯ 'ಉತ್ತ'. ಮಾಡು, ಉತ್ತ, ಏನೆ ಸೇರಿ 'ಮಾಡುತ್ತೇನೆ'. ಇದೇ ಉತ್ತ 'ಹಾಡುತ್ತಾ ಬಂದಳು' ಎಂಬಲ್ಲಿ ಇಂಗ್ಲಿಷಿನ 'ಸಿಂಗಿಂಗ್' ಎಂಬ ಅರ್ಥವನ್ನೇ ಕೊಡುತ್ತದೆ. 'ಮಾಡುತ್ತಿದ್ದೇನೆ' ಎಂಬಲ್ಲಿಯೂ ಅದೇ ಉತ್ತ ಕೂತಿದೆ. ಅಂದರೆ ಇಂಗ್ಲಿಷಿನವರು ಕಂಟಿನ್ಯುಅಸ್‌ಗೆ ಮಾತ್ರ ಹಾಕುವ ಇಂಗಿನ ವಾಸನೆ ನಮ್ಮ ಸಿಂಪಲ್‌ನೊಳಗೂ ಇದೆ. ದಿನದ ಅಡುಗೆಗೂ ಈಗಿನ ಅಡುಗೆಗೂ ಒಂದೇ ಡಬ್ಬಿಯಿಂದ ಚಿಟಿಕೆ ತೆಗೆದು ಅಭ್ಯಾಸವಾದ ಕೈ ಅದು.

'ಹ್ಯಾವ್' ಎಂಬ ಪದದ ಕಥೆ ಇನ್ನೂ ಬೇರೆ. ಇಂಗ್ಲಿಷಿನವರ ಹಾಗೆ ಮಕ್ಕಳನ್ನೂ ಮನೆಯನ್ನೂ ನೆಗಡಿಯನ್ನೂ 'ಹೊಂದುವ' ಒಂದು ಕ್ರಿಯಾಪದ ನಮ್ಮ ಮನೆಮಾತಿನಲ್ಲಿ ಇಲ್ಲ. 'ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ' ಎನ್ನುತ್ತೇವೆ. ಮಕ್ಕಳು ಇದ್ದಾರೆ, ನನಗೆ ಇದ್ದಾರೆ. ಈ 'ಇದ್ದಾರೆ'ಯೇ 'ಮಾಡುತ್ತಿದ್ದಾರೆ' ಎಂಬುದರ ಬಾಲವೂ ಹೌದು. ಆದ್ದರಿಂದ ಇಂಗ್ಲಿಷಿಗೆ ದಾಟುವಾಗ ನಮ್ಮ 'ಇದ್ದಾರೆ' ಒಂದು 'ಆಮ್' ಅನ್ನೂ ಒಂದು 'ಇಂಗ್' ಅನ್ನೂ ಜೊತೆಗೆ ಕರೆದುಕೊಂಡು ಹೋದರೆ ಆಶ್ಚರ್ಯವೇನು? ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಹೋಗುವಾಗ ತಾನು ಕಲಿತ ಅಡುಗೆಯನ್ನು ಬಿಟ್ಟು ಹೋಗುತ್ತಾಳೆಯೇ?

ಇದರ ಜೊತೆಗೆ ನಾವು ಮೇಷ್ಟ್ರುಗಳೂ ಟೀಚರುಗಳೂ ಕಲಿಸಿದ ರೀತಿಯದೂ ಒಂದು ಪಾಲಿದೆ. ಬಹಳ ಕಾಲ ನಮ್ಮ ಶಿಕ್ಷಕರ ತರಬೇತಿಯಲ್ಲಿ ಆಳಿದ್ದು 'ಸ್ಟ್ರಕ್ಚರಲ್ ಅಪ್ರೋಚ್' ಎಂಬ ಪದ್ಧತಿ. ಟೀಚರ್ ಬಾಗಿಲ ಕಡೆಗೆ ನಡೆಯುತ್ತಾ 'ಐ ಆಮ್ ವಾಕಿಂಗ್ ಟು ದ ಡೋರ್' ಎನ್ನಬೇಕು. ಬಾಗಿಲು ತೆಗೆಯುತ್ತಾ 'ಐ ಆಮ್ ಓಪನಿಂಗ್ ದ ಡೋರ್' ಎನ್ನಬೇಕು. ಮಾಡಿ ತೋರಿಸಬಹುದಾದ್ದರಿಂದ ಕಂಟಿನ್ಯುಅಸ್ ಕಲಿಸುವುದು ಸಲೀಸು. ಸಿಂಪಲ್ ಅನ್ನು ಮಾಡಿ ತೋರಿಸುವುದು ಹೇಗೆ? 'ದಿನವೂ' ಎಂಬುದನ್ನು ಒಂದು ಪೀರಿಯಡ್‌ನಲ್ಲಿ ಅಭಿನಯಿಸಲಾದೀತೆ? ಹೀಗಾಗಿ ಮಕ್ಕಳ ಕಿವಿಯಲ್ಲಿ ಮೊದಲು ಬಿದ್ದು ಗಟ್ಟಿಯಾಗಿ ಕೂರುತ್ತಿದ್ದದ್ದು ಈ ಇಂಗೇ. ನಿಜ ಜೀವನದಲ್ಲಿ ಬಾಗಿಲ ಕಡೆ ನಡೆಯುತ್ತಾ 'ನಾನು ಬಾಗಿಲ ಕಡೆ ನಡೆಯುತ್ತಿದ್ದೇನೆ' ಎಂದು ಘೋಷಿಸುವವರು ಯಾರಾದರೂ ಇದ್ದರೆ, ಮನೆಯವರು ಡಾಕ್ಟರ ಬಳಿ ಕರೆದೊಯ್ದಾರು!

ಈ ಪದ್ಧತಿ ಸಾಲದೆಂದು ಕಂಡವರಲ್ಲಿ ಎನ್. ಎಸ್. ಪ್ರಭು ಒಬ್ಬರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಜಗತ್ತಿನ ಇಂಗ್ಲಿಷ್ ಅಧ್ಯಾಪಕರಿಗೆಲ್ಲ ಪರಿಚಿತ. ವ್ಯಾಕರಣ ಸೂತ್ರ ಹೇಳಿ ಅಭ್ಯಾಸ ಮಾಡಿಸುವ ಬದಲು ಮಕ್ಕಳ ಮುಂದೆ ಒಂದು ರೈಲಿನ ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಇಟ್ಟು, ಲೆಕ್ಕ ಬಿಡಿಸಿದ ಹಾಗೆ ಪ್ರಶ್ನೆಗಳನ್ನು ಬಿಡಿಸುವಂತೆ ಹೇಳುವುದು ಅದರ ಕ್ರಮ. ವೇಳಾಪಟ್ಟಿ ಎಷ್ಟು ಜಾಣ ಆಯ್ಕೆ ನೋಡಿ. ರೈಲು ತಡವಾದರೂ ವೇಳಾಪಟ್ಟಿಯ ಭಾಷೆ ಸಿಂಪಲ್ ಪ್ರೆಸೆಂಟೇ: 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್.' ಪ್ಲಾಟ್‌ಫಾರ್ಮಿನಲ್ಲಿ ಚೀಲ ಹಿಡಿದು ಓಡುವವರ ಭಾಷೆ ಮಾತ್ರ ಕಂಟಿನ್ಯುಅಸ್: 'ದ ಟ್ರೇನ್ ಈಸ್ ಲೀವಿಂಗ್!'

ನಾನು ಕಂಡುಕೊಂಡ ದಾರಿ ಇನ್ನೂ ಹತ್ತಿರದ್ದು. ಈ ಸಿಂಪಲ್ಲೂ ಈ ಕಂಟಿನ್ಯುಅಸ್ಸೂ ನಮ್ಮ ಮಕ್ಕಳಿಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ತರಗತಿಯಲ್ಲಿ ಕೇಳುತ್ತೇನೆ: "ನನಗೆ ಗೊತ್ತುತ್ತಿದೆ ಅಂತ ಯಾರಾದರೂ ಹೇಳ್ತೀರೇನ್ರೇ?" ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. "ನನಗೆ ಮಸಾಲೆದೋಸೆ ಬೇಕುತ್ತಿದೆ?" ಇನ್ನೂ ನಗು. ಗೊತ್ತು, ಬೇಕು, ಸಾಕು ಇವಕ್ಕೆ ಉತ್ತವೇ ಸೇರುವುದಿಲ್ಲ ಎಂದು ಅವರಿಗೆ ಯಾವ ರೆನ್ನೂ ಯಾವ ಮಾರ್ಟಿನ್ನೂ ಹೇಳಿಕೊಟ್ಟಿಲ್ಲ. ಅಜ್ಜಿಯ ಬಾಯಿಂದ ಬಂದ ವ್ಯಾಕರಣ ಅದು. ಹಾಗಾದರೆ 'ನೋಯಿಂಗ್' ಮತ್ತು 'ವಾಂಟಿಂಗ್' ಕೇಳಿದಾಗ ಇಂಗ್ಲಿಷಿನವರ ಕಿವಿಗೆ ಏನಾಗುತ್ತದೆಂದು ಅವರಿಗೆ ಥಟ್ಟನೆ ಹೊಳೆಯುತ್ತದೆ. ಪಟ್ಟಿ ಬೇಡ.

ಭೂತಕಾಲಕ್ಕೂ ನಮ್ಮ ಅಡುಗೆಮನೆಯೇ ಸಾಕು. ಹಾಲು ಕಾಯುತ್ತಿತ್ತು. ಬಾಗಿಲು ಬಡಿದ ಸದ್ದಾಯಿತು. ಹಾಲು ಉಕ್ಕಿತು. ಉದ್ದಕ್ಕೆ ನಡೆಯುತ್ತಿದ್ದ ಒಂದು ಕೆಲಸ. ಅದನ್ನು ನಡುವೆ ಕತ್ತರಿಸಿದ ಚಿಕ್ಕ ಘಟನೆ. ಮೊದಲನೆಯದು 'ವಾಸ್ ಬಾಯಿಲಿಂಗ್', ಎರಡನೆಯದು 'ನಾಕ್ಡ್'. ಇದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸುವ ಅಗತ್ಯವೇ ಇಲ್ಲ. ಒಲೆ ಮುಂದೆ ನಿಂತ ಪ್ರತಿಯೊಬ್ಬ ಹೆಂಗಸಿನ ಪ್ರತಿದಿನದ ಬಾಳೇ ಒಂದು ಪಾಸ್ಟ್ ಕಂಟಿನ್ಯುಅಸ್. ಯಾರೋ ಬಂದು ಅದನ್ನು ತುಂಡರಿಸುತ್ತಲೇ ಇರುತ್ತಾರೆ.

ಇನ್ನು ನಿಷೇಧ ರೂಪ. ಗಂಡು ನೋಡಲು ಹೊರಟವರು ಈ ವ್ಯಾಕರಣವನ್ನು ಚೆನ್ನಾಗಿ ಕಲಿತಿರಬೇಕು. 'ಹುಡುಗ ಕುಡಿಯುವುದಿಲ್ಲ' ಎಂದರೆ ಅದು ಅವನ ಗುಣ, ಸಿಂಪಲ್ ಪ್ರೆಸೆಂಟ್. 'ಹುಡುಗ ಈಗ ಕುಡಿಯುತ್ತಿಲ್ಲ' ಎಂದು ನಂಟಸ್ತನ ತಂದವರು ಹೇಳಿದರೆ ಹೆಣ್ಣಿನ ತಾಯಿ ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಸಲ ಕೇಳಬೇಕು. ಆ 'ಉತ್ತಿಲ್ಲ'ದ ಹಿಂದೆ ಒಂದು ನಿನ್ನೆ ಇದೆ, ಮುಂದೆ ಒಂದು ನಾಳೆಯೂ ಇರಬಹುದು. ಇಂಗ್ಲಿಷಿನಲ್ಲೂ ಹೀಗೆಯೇ. ಅತ್ತೆಯ ಬಗ್ಗೆ 'ಶಿ ಈಸ್ ಕೈಂಡ್' ಎಂದರೆ ಒಳ್ಳೆಯವರು ಎಂದರ್ಥ. 'ಶಿ ಈಸ್ ಬೀಯಿಂಗ್ ಕೈಂಡ್' ಎಂದರೆ? ಸದ್ಯಕ್ಕೆ ಒಳ್ಳೆಯವರಾಗಿ ನಡೆದುಕೊಳ್ಳುತ್ತಿದ್ದಾರೆ, ಮನೆಯಲ್ಲಿ ನೆಂಟರಿರಬೇಕು!

ಹೀಗೆ ಹೇಳುತ್ತಾ ಹೋದರೆ ನಗೆಯಾಗುತ್ತದೆ. ಆದರೆ ಎಲ್ಲ ನಗೆಯೂ ಒಂದೇ ಅಲ್ಲ. ನಿಸ್ಸಿಮ್ ಎಜೆಕಿಯಲ್ (1924–2004) ಎಂಬ ಮುಂಬೈಯ ಇಂಗ್ಲಿಷ್ ಕವಿಯ 'ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.' ಎಂಬ ಕವಿತೆ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಪಠ್ಯವಾಗಿದೆ. ವಿದೇಶಕ್ಕೆ ಹೊರಟ ಸಹೋದ್ಯೋಗಿಗೆ ಒಬ್ಬರು ಮಾಡುವ ಬೀಳ್ಕೊಡುಗೆಯ ಭಾಷಣ ಅದು. ಹೆಜ್ಜೆಹೆಜ್ಜೆಗೂ ಇಂಗ್. ಓದಿದವರೆಲ್ಲ ನಗುತ್ತಾರೆ. ಆದರೆ ಆ ಭಾಷಣಕಾರನಿಗೆ ಆಕೆಯ ಬಗ್ಗೆ ಇರುವ ಪ್ರೀತಿ ನಿಜವಾದದ್ದೋ ಬರಿಯ ಬಾಯಿಮಾತೋ ಎಂದು ಕೇಳಿಕೊಳ್ಳುವವರು ಕಡಿಮೆ. ಇಂಗ್ ಕಂಡ ಕೂಡಲೇ ನಮಗೆ ಅದರಾಚೆ ಏನೂ ಕಾಣುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೀಗೇ ಆಯಿತು. ಹೆಂಗಸರ ಬಟ್ಟೆ ಹೊಲಿದು ಸಂಸಾರ ತೂಗಿಸುವವಳು. ಮಗಳನ್ನು ದೊಡ್ಡ ಶಾಲೆಯೊಂದಕ್ಕೆ ಸೇರಿಸಲು ಹೋದಾಗ ಅಲ್ಲಿ ಮಗುವಿನ ಜೊತೆಗೆ ತಾಯಿಯನ್ನೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರಂತೆ. ಇವಳು ಧೈರ್ಯವಾಗಿಯೇ ಉತ್ತರ ಕೊಟ್ಟಳು. ಒಂದು ಪ್ರಶ್ನೆ ಮಾತ್ರ ತಿಳಿಯಲಿಲ್ಲ. 'ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಎಂದಳು. ಮೇಜಿನ ಆಚೆ ಕುಳಿತ ಇಬ್ಬರು ಪರಸ್ಪರ ಮುಖ ನೋಡಿಕೊಂಡು ಮುಗುಳ್ನಕ್ಕರು. "ಆಮೇಲೆ ನನ್ನ ಬಾಯೇ ಏಳಲಿಲ್ಲ ಮಿಸ್. ಮಗಳು ನನ್ನ ಸೆರಗು ಹಿಡಿದುಕೊಂಡು ನನ್ನನ್ನೇ ನೋಡ್ತಿದ್ದಳು" ಎಂದು ನನ್ನೆದುರು ಕುಳಿತು ಹೇಳಿದಳು.

ಅವಳು ಆಡಿದ್ದು ಏನು ಎಂದು ಆ ಮೇಲೆ ಬಹಳ ದಿನ ಯೋಚಿಸಿದೆ. ಕನ್ನಡದಲ್ಲಿ 'ನನಗೆ ಅರ್ಥವಾಗುವುದಿಲ್ಲ' ಎಂಬುದು ಒಂದು, 'ನನಗೆ ಅರ್ಥವಾಗುತ್ತಿಲ್ಲ' ಎಂಬುದು ಇನ್ನೊಂದು. ಮೊದಲನೆಯದು ಬಾಗಿಲು ಹಾಕಿದ ಮಾತು: ಇದು ನನ್ನ ಕೈಲಾಗದ್ದು, ಬಿಟ್ಟುಬಿಡಿ. ಎರಡನೆಯದು ಬಾಗಿಲನ್ನು ಅರ್ಧ ತೆರೆದೇ ಇಟ್ಟ ಮಾತು: ಈಗ ತಿಳಿಯುತ್ತಿಲ್ಲ, ಇನ್ನೊಮ್ಮೆ ಹೇಳಿ, ತಿಳಿದೀತು. ನನ್ನ ಹುಡುಗಿ ಹೇಳಿದ್ದು ಎರಡನೆಯದನ್ನು. ಇಂಗ್ಲಿಷಿನ 'ಐ ಡೋಂಟ್ ಅಂಡರ್‌ಸ್ಟ್ಯಾಂಡ್' ಈ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಅವಳ ತಪ್ಪು ಇಂಗ್ಲಿಷಿನಲ್ಲಿ ಒಂದು ಸರಿಯಾದ ವಿನಯವಿತ್ತು. ನಕ್ಕವರಿಗೆ ವ್ಯಾಕರಣ ಗೊತ್ತಿತ್ತು; ಅದು ಮಾತ್ರ ಕೇಳಿಸಲಿಲ್ಲ.

ಹಾಗೆಂದು ಹೇಗೆ ಮಾತಾಡಿದರೂ ನಡೆದೀತು ಎಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಹೇಳಿದರೆ ಅದು ಮೋಸ. ನಾಳೆ ಅವರು ಸಂದರ್ಶನಕ್ಕೆ ಕುಳಿತಾಗ ಅವರ ಪರವಾಗಿ ವಾದಿಸಲು ನಾನು ಆ ಕೋಣೆಯಲ್ಲಿ ಇರುವುದಿಲ್ಲ. ರಾಜ್ಯದ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಹಳ್ಳಿಯ ತಾಯಂದಿರು ಅದನ್ನು ಬೇಕೆಂದೇ ಬಯಸಿದರು. ಆ ಆಸೆಗೆ ನಾವು ಸರಿಯಾದ ಇಂಗ್ಲಿಷನ್ನೇ ಬಡಿಸಬೇಕು. ಕಲಿಸುವಾಗ ಮಾತ್ರ, ನಿನ್ನ ತಲೆಯಲ್ಲಿರುವ ಕನ್ನಡ ಕಸ, ಗುಡಿಸಿ ಹಾಕು ಎನ್ನುವ ಧ್ವನಿ ಬೇಡ.

ಇಷ್ಟಕ್ಕೂ ಇಂಗ್ಲಿಷ್ ಏನು ಕಲ್ಲಿನಲ್ಲಿ ಕೊರೆದದ್ದೇ? ಶೇಕ್ಸ್‌ಪಿಯರ್‌ನ ಕಾಲದಲ್ಲಿ (1564–1616) ಈ ಇಂಗಿನ ಬಳಕೆ ಇಂದಿನಷ್ಟು ಇರಲಿಲ್ಲ. ಹ್ಯಾಮ್ಲೆಟ್ ಪುಸ್ತಕ ಹಿಡಿದುಕೊಂಡು ಬರುವ ದೃಶ್ಯದಲ್ಲಿ, ಏನು ಓದುತ್ತಿರುವಿರಿ ಎಂದು ಮುದುಕ ಪೊಲೋನಿಯಸ್ ಕೇಳುವುದು ಸಿಂಪಲ್ ಪ್ರೆಸೆಂಟಿನಲ್ಲಿ. ಇಂದಿನ ಹುಡುಗಿ ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. 'ದ ಹೌಸ್ ಈಸ್ ಬೀಯಿಂಗ್ ಬಿಲ್ಟ್' ಎಂಬ ಪ್ರಯೋಗ ಹದಿನೆಂಟನೆಯ ಶತಮಾನದ ಕೊನೆಗೆ ಕಾಣಿಸಿಕೊಂಡಾಗ, ಇದೆಂಥ ಒರಟು ಇಂಗ್ಲಿಷ್ ಎಂದು ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲೂ ಗೊಣಗುತ್ತಿದ್ದರು. ಈಗ ಅದು ಪರೀಕ್ಷೆಯ ಪ್ರಶ್ನೆ. ಇನ್ನು, 'ಲವ್' ಎಂಬುದಕ್ಕೆ ಇಂಗ್ ಸೇರಿಸಬಾರದು ಎಂದು ನಾವು ಕೋಲು ಹಿಡಿದು ಕಲಿಸುತ್ತಿರುವಾಗಲೇ, 2003ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿ ಅದೇ 'ಲವ್'ಗೆ ಇಂಗ್ ಬೆರೆಸಿ ಜಗತ್ತಿಗೆಲ್ಲ ಜಾಹೀರಾತು ಹಂಚಿತು. ನಮ್ಮ ಹುಡುಗಿ ಹೇಳಿದರೆ ತಪ್ಪು. ಕಂಪನಿ ಹೇಳಿದರೆ ಫ್ಯಾಷನ್!

ಎಂಟನೆಯ ತರಗತಿಗೆ ಈ ಪಾಠ ಮಾಡುವಾಗ ನಾನು ಎರಡು ಅಭ್ಯಾಸ ಕೊಡುತ್ತೇನೆ. ಮೊದಲನೆಯದು ಸಿಂಪಲ್ ಪ್ರೆಸೆಂಟಿನಲ್ಲಿ: ನಿಮ್ಮ ಮನೆಯವರು ಏನು ಮಾಡುತ್ತಾರೆ? ಎರಡನೆಯದು ಕಂಟಿನ್ಯುಅಸ್‌ನಲ್ಲಿ: ಈಗ ಬೆಳಗಿನ ಆರು ಗಂಟೆ ಎಂದುಕೊಳ್ಳಿ, ಮನೆಯಲ್ಲಿ ಯಾರು ಯಾರು ಏನೇನು ಮಾಡುತ್ತಿದ್ದಾರೆ? ಒಂದು ವರ್ಷ ಹುಡುಗಿಯೊಬ್ಬಳು ಮೊದಲ ಪುಟದಲ್ಲಿ ಬರೆದಿದ್ದಳು: 'ಮೈ ಫಾದರ್ ಡ್ರೈವ್ಸ್ ಆನ್ ಆಟೋ. ಮೈ ಮದರ್ ಡಸ್ ನಥಿಂಗ್.' ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕೆಂಪು ಶಾಯಿಗೆ ಅಲ್ಲಿ ಕೆಲಸವೇ ಇಲ್ಲ. ಪುಟ ತಿರುಗಿಸಿದೆ. 'ಮೈ ಫಾದರ್ ಈಸ್ ಸ್ಲೀಪಿಂಗ್. ಮೈ ಮದರ್ ಈಸ್ ಫಿಲ್ಲಿಂಗ್ ವಾಟರ್. ಶಿ ಈಸ್ ಕುಕಿಂಗ್. ಶಿ ಈಸ್ ಕೋಂಬಿಂಗ್ ಮೈ ಸಿಸ್ಟರ್ಸ್ ಹೇರ್. ಶಿ ಈಸ್ ವಾಷಿಂಗ್...' ಪುಟ ತುಂಬಿ ಅಂಚಿನಲ್ಲೂ ಬರೆದಿದ್ದಳು.

ಆ ಹುಡುಗಿಯನ್ನು ಬೈದು ಫಲವೇನು? ದೇಶವೇ ಹೀಗೆ ಬರೆದುಕೊಂಡಿದೆ. 2011ರ ಜನಗಣತಿಯ ನಮೂನೆಯಲ್ಲಿ ಮನೆಗೆಲಸ ಬರುವುದು ಆರ್ಥಿಕವಲ್ಲದ ಚಟುವಟಿಕೆಗಳ ಸಾಲಿನಲ್ಲಿ. ಅದೇ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿದಾಗ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದು ಕಂಡಿತು. ಗಂಡಸರು 97 ನಿಮಿಷ. ಹೆಂಗಸು ಏನು ಮಾಡುತ್ತಾಳೆ ಎಂದರೆ ಏನೂ ಇಲ್ಲ. ಏನು ಮಾಡುತ್ತಿದ್ದಾಳೆ ಎಂದರೆ ಪುಟ ಸಾಲದು. 'ವಾಟ್ ಡು ಯು ಡು?' ಎಂದು ಯಾರಾದರೂ ಕೇಳಿದರೆ ನಾವೂ "ಏನಿಲ್ಲ, ಮನೇಲೇ ಇದೀನಿ" ಎನ್ನುತ್ತೇವಲ್ಲ. ಹಾಗೆನ್ನುವಾಗಲೂ ಕೈ ಸೊಪ್ಪು ಸೋಸುತ್ತಿರುತ್ತದೆ.

ನಾನು ಅವಳಿಗೆ ತಪ್ಪು ಎನ್ನಲಿಲ್ಲ. "ಎರಡು ಪುಟವನ್ನೂ ಗಟ್ಟಿಯಾಗಿ ಓದಮ್ಮ" ಎಂದೆ. ಓದಿದಳು. ಎರಡನೆಯ ಪುಟದ ಮಧ್ಯದಲ್ಲಿ ಧ್ವನಿ ನಿಧಾನವಾಯಿತು. ತರಗತಿಯೂ ಸುಮ್ಮನಾಯಿತು. "ಮಿಸ್, ಎರಡೂ ಒಂದೇ ಅಮ್ಮನ ಮೇಲಲ್ವಾ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು.

ಆಗ ಕನ್ನಡದ ಇನ್ನೊಂದು ರೂಪವನ್ನು ಕಪ್ಪುಹಲಗೆಯ ಮೇಲೆ ಬರೆದೆ: 'ಅಮ್ಮ ಏನಾದರೊಂದು ಮಾಡುತ್ತಿರುತ್ತಾಳೆ.' ಈ 'ಮಾಡುತ್ತಿರುತ್ತಾಳೆ' ಬರಿಯ ಸಿಂಪಲ್ ಅಲ್ಲ, ಬರಿಯ ಕಂಟಿನ್ಯುಅಸ್ಸೂ ಅಲ್ಲ. ನಡೆಯುತ್ತಲೂ ಇದೆ, ದಿನವೂ ಇದೆ. ಎರಡು ಉತ್ತಗಳನ್ನು ಒಂದೇ ಪದದಲ್ಲಿ ಹೊತ್ತ ಈ ರೂಪಕ್ಕೆ ಸಮನಾದ ಒಂದೇ ಪದ ಇಂಗ್ಲಿಷಿನಲ್ಲಿ ಇಲ್ಲ. 'ಶಿ ಈಸ್ ಆಲ್ವೇಸ್ ಡೂಯಿಂಗ್ ಸಮ್‌ಥಿಂಗ್' ಎಂದು ನಾಲ್ಕೈದು ಪದ ಜೋಡಿಸಬೇಕು. ಜೋಡಿಸಿದರೂ ಆ 'ಆಲ್ವೇಸ್'ನಲ್ಲಿ ಕೆಲವೊಮ್ಮೆ ದೂರಿನ ದನಿ ಸೇರಿಕೊಳ್ಳುತ್ತದೆ. ನಮ್ಮ ಭಾಷೆ ನಮ್ಮ ತಾಯಂದಿರನ್ನು ಬಹಳ ಹತ್ತಿರದಿಂದ ನೋಡಿ ಈ ಕ್ರಿಯಾಪದ ಮಾಡಿಕೊಂಡಿತೋ ಏನೋ ಎಂದು ನನಗೆ ಅನ್ನಿಸುವುದುಂಟು.

ಮಾರನೆಯ ದಿನ ಆ ಹುಡುಗಿ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. 'ಡಸ್ ನಥಿಂಗ್' ಎಂಬುದಕ್ಕೆ ಅವಳೇ ಗೆರೆ ಎಳೆದಿದ್ದಳು. ಮೇಲೆ ಪುಟ್ಟ ಅಕ್ಷರದಲ್ಲಿ 'ವರ್ಕ್ಸ್' ಎಂದು ಬರೆದಿದ್ದಳು. ಎಷ್ಟೋ ಮಕ್ಕಳು ಮರೆತೇಬಿಡುವ ಕೊನೆಯ 'ಎಸ್' ಅನ್ನೂ ಬಿಟ್ಟಿರಲಿಲ್ಲ.